ಹಳದಿ ದೀಪ ಮತ್ತು ವಯರಿಂಗಣ್ಣ

ಮೊನ್ನೆ ಗಂಗೊಳ್ಳಿಯಲ್ಲಿ ಯಾರೋ ಸಣ್ಣ ದೋಣಿಯೊಂದನ್ನು ಮಗುಚಿ ಹಾಕಿ ಅದರ ಅಡಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಜೊತೆಗಿದ್ದ ಗೆಳೆಯ ಕರ್ಚೀಫು ತೆಗೆದು ಮೂಗು ಮುಚ್ಚಿಕೊಂಡ. ನಾನು ಅಲ್ಲೇ ನಿಂತುಬಿಟ್ಟೆ. ಕಡಲಿನವರ ಮಗನಾದ ನನಗೆ ಆ ವಾಸನೆಗೆ ದೋಣಿ ನೆನಪಾಗಬೇಕಿತ್ತು. ನೆನಪಾದದ್ದು ತೆಕ್ಕಟ್ಟೆಯ ವಯರಿಂಗಣ್ಣ…

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹೆದ್ದಾರಿ ಬದಿಯ ತಗಡಿನ ಅಂಗಡಿಯಲ್ಲಿ ವಾಹನಗಳ ವಯರಿಂಗ್ ಕೆಲಸ ಮಾಡುತ್ತಿದ್ದರು, ಹಾಗಾಗಿ ಊರಿಗೆಲ್ಲ ವಯರಿಂಗಣ್ಣ. ಹರೆಯವನ್ನೆಲ್ಲ ಮುಂಬೈಯ ಗ್ಯಾರೇಜುಗಳಲ್ಲಿ ಕಳೆದು ಬಂದವರು. ಯಾವ ಗಾಡಿ ತೆಗೆದುಕೊಂಡು ಹೋದರೂ "ಬೊಂಬಾಯಂಗೆ ಇದ್ರ ಅಜ್ಜನ್ನ ಕಂಡಿದ್ದೆ" ಎಂದೇ ಶುರು. ಬಾಯಿಗೆ ಬೀಗವಿಲ್ಲದ ಮನುಷ್ಯ. ಆದರೆ ಎಂಜಿನ್ನಿನ ದೋಷ ಓದುವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತರೆಂದರೆ ಮೌನವ್ರತ. ಅಂಗಡಿಯಲ್ಲಿ ನಿಲ್ಲಿಸಿದ ಗಾಡಿ ಸುಳ್ಳು ಹೇಳುತ್ತದೆ ಎಂದು ಅವರ ನಂಬಿಕೆ. ಯಂತ್ರ ತೋರಿಸಿದ ದೋಷದ ಕೋಡ್ ಅಳಿಸಿ, ಗಾಡಿಯನ್ನು ರಸ್ತೆಗಿಳಿಸಿ, ಆ ಕೋಡ್ ಮತ್ತೆ ಎಲ್ಲಿ, ಹೇಗೆ ಬರುತ್ತದೆಂದು ಕಿವಿಗೊಟ್ಟು ಕಾಯುವುದೇ ಅವರ ಕ್ರಮ.

ನಮ್ಮ ಮನೆ ಕುಂದಾಪುರದ ಕಡಲ ಬದಿಯ ಕೋಡಿಯಲ್ಲಿ. ಅಪ್ಪಯ್ಯನ ಮೊಣಕಾಲು ಸೋತು ಕಡಲಿಗೆ ಹೋಗುವುದು ನಿಂತಾಗ, ಅವರು ದೋಣಿಯಲ್ಲಿದ್ದ ತಮ್ಮ ಪಾಲು ಮಾರಿ ನನಗೊಂದು ಹಳೇ ಪೆಟ್ರೋಲ್ ಕಾರು ತೆಗೆದುಕೊಟ್ಟರು. ನಾನು ಅದನ್ನು ಬಾಡಿಗೆಗೆ ಓಡಿಸುತ್ತಿದ್ದೆ. ಮದುವೆ, ಆಸ್ಪತ್ರೆ, ಹಟ್ಟಿಯಂಗಡಿ ದೇವಸ್ಥಾನ, ಕೊಲ್ಲೂರು… ಮನೆ ನಡೆಯುತ್ತಿದ್ದದ್ದೇ ಅದರಿಂದ. ಅಪ್ಪಯ್ಯನಿಗಂತೂ ಅದು ಕಾರಲ್ಲ, ಚಕ್ರ ಇರುವ ದೋಣಿ. ದಿನಾ ಬೆಳಿಗ್ಗೆ ಒಮ್ಮೆ ಸುತ್ತು ಹಾಕಿ ನೋಡದಿದ್ದರೆ ಅವರಿಗೆ ಚಾ ಇಳಿಯುತ್ತಿರಲಿಲ್ಲ.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತತೊಡಗಿತು. ದೀಪ ಹತ್ತಿದ ಕೂಡಲೇ ಗಾಡಿ ಮುಗ್ಗರಿಸುತ್ತಿತ್ತು, ಕಪ್ಪು ಹೊಗೆ ಬಿಡುತ್ತಿತ್ತು, ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಸರಿ. ವಯರಿಂಗಣ್ಣನ ಯಂತ್ರ ಪ್ರತಿಸಲ ಒಂದೇ ಕೋಡ್ ತೋರಿಸಿತು. ಪೆಟ್ರೋಲ್ ಎಷ್ಟು ಬೇಕೆಂದು ಎಂಜಿನ್ನಿಗೆ ತಿಳಿಸುವ, ಹೊಗೆಯ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್. ಹೊಸ ಸೆನ್ಸರ್ ಹಾಕಿದರು, ಮತ್ತೆ ಅದೇ ಕೋಡ್. "ಈ ಪೀಸೇ ಸಮ ಇಲ್ಲೆ" ಎಂದು ಇನ್ನೊಂದು ತರಿಸಿದರು, ಮತ್ತೆ ಅದೇ. ತಂತಿಯ ಎರಡೂ ತುದಿ ಪರೀಕ್ಷಿಸಿದರೆ ನಿಂತ ಗಾಡಿಯಲ್ಲಿ ಎಲ್ಲವೂ ಸರಿ. ಬೊಂಬಾಯಿಯ ಸುದ್ದಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂತು.

ಮದುವಣಗಿತ್ತಿಯನ್ನು ಕೂರಿಸಿಕೊಂಡಿದ್ದಾಗ ಗಾಡಿ ನಡುದಾರಿಯಲ್ಲಿ ನಿಂತ ಮೇಲೆ ಬಾಡಿಗೆಗೆ ಕರೆಯುತ್ತಿದ್ದವರು ಬೇರೆ ಕಾರು ನೋಡಿಕೊಂಡರು. ಕೊನೆಗೆ ಅಪ್ಪಯ್ಯನೇ "ಹೋಯ್ಲಿ ಮಾಣಿ, ಕೊಟ್ಬಿಡುವ" ಎಂದರು. ಬ್ರಹ್ಮಾವರದ ಗುಜರಿಯವನು ಮರುದಿನ ಬರುವುದೆಂದಾಯಿತು. ಅಪ್ಪಯ್ಯ ಮಾತು ಹಗುರವಾಗಿಯೇ ಹೇಳಿದ್ದರು. ಆದರೆ ಅಂದು ಮಧ್ಯಾಹ್ನ ಅವರು ಅನ್ನ ಮುಟ್ಟದೆ ತಟ್ಟೆ ಬದಿಗೆ ಸರಿಸಿದರು. ಅದು ಗುಜರಿಗೆ ಹೋದರೆ ಹೋಗುವುದು ಕಾರು ಮಾತ್ರ ಅಲ್ಲ, ಅವರು ಕಡಲಿನಲ್ಲಿ ದುಡಿದದ್ದೆಲ್ಲ.

ಕಡೆಯದಾಗಿ ಒಮ್ಮೆ ತೆಕ್ಕಟ್ಟೆಗೆ ಹೋಗಿಬರುವ ಎಂದೆ. ಅಪ್ಪಯ್ಯನೂ ಹಿಂದಿನ ಸೀಟಿನಲ್ಲಿ ಕೂತರು. ವಯರಿಂಗಣ್ಣ ಎಂದಿನಂತೆ ಕೋಡ್ ಅಳಿಸಿ ನನ್ನ ಪಕ್ಕ ಕೂತರು. ವಂಡ್ಸೆ ದಾರಿ ಹಿಡಿದೆವು. ಗುಂಡಿಯೊಂದಕ್ಕೆ ಚಕ್ರ ಇಳಿದದ್ದೇ ತಡ, ದೀಪ ಹತ್ತಿತು. ಅವರು ಹಣೆ ಚಚ್ಚಿಕೊಂಡರು. ವಾಪಸು ಬಂದು ಅಂಗಡಿಯ ಮುಂದೆ ನಿಲ್ಲಿಸಿದೆ.

ಚಾ ಬಂತು. ವಯರಿಂಗಣ್ಣ ಲೋಟ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಅಂಗಡಿಯ ಮುಂದೆ ಸುಮಾರು ಗಾಡಿಗಳಿದ್ದವು. ಬೀದಿಯ ಬೆಕ್ಕುಗಳೆಲ್ಲ ಬಂದು ಸೇರಿದ್ದು ಮಾತ್ರ ನಮ್ಮ ಕಾರಿನ ಅಡಿಗೆ. ಅವರು ಓಡಿಸಲು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. "ಹ್ವಾಯ್! ಇವು ಎಂತ ನೆಕ್ಕುದು ಮಾರಾಯಾ?" ಎನ್ನುತ್ತ ಟಾರ್ಚ್ ಹಿಡಿದು ಒಳಗೆ ನುಸುಳಿದರು.

ವಿಷಯ ಇಷ್ಟೇ. ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ದೋಣಿಗೆ ಬಳಿಯುವ ಹಾಗೆಯೇ ಕಾರಿನ ಅಡಿಗೂ ಮೀನೆಣ್ಣೆ ಬಳಿದಿದ್ದರು, ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು. ಅರ್ಧಂಬರ್ಧ ಕೆಲಸ ಅವರಿಗೆ ಆಗದು. ಸಂದುಗೊಂದು ಬಿಡದೆ, ತಂತಿಗಳಿಗೂ ಸೇರಿಸಿ ಬಳಿದಿದ್ದರು. ಆ ಎಣ್ಣೆಯ ಆಸೆಗೆ ಇಲಿಗಳು ಸೆನ್ಸರಿನ ತಂತಿಯ ಸಿಪ್ಪೆ ತಿಂದಿದ್ದವು. ತಂತಿ ತುಂಡಾಗಿರಲಿಲ್ಲ. ಗುಂಡಿಗೆ ಬಿದ್ದಾಗ ಮಾತ್ರ ತಾಮ್ರ ಹೋಗಿ ಗಾಡಿಯ ಮೈಗೆ ತಾಗುತ್ತಿತ್ತು. ನಮ್ಮ ಗಾಡಿಯಲ್ಲಿ ಹಟ್ಟಿಯಂಗಡಿಗೆ ಹೋಗುತ್ತಿದ್ದ ಭಟ್ಟರೊಬ್ಬರು "ಎಂತದೋ ವಾಸನೆ" ಎಂದು ಗೊಣಗಿದ್ದುಂಟು. ಮೀನು ಹಿಡಿಯುವವರ ಮನೆಯಲ್ಲಿ ಮೀನಿನ ವಾಸನೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಇಲಿಗೆ ಹೆದರಿ ಮನೆ ಸುಟ್ಟರಂತೆ ಎಂಬ ಗಾದೆ ಕೇಳಿದ್ದೆ. ನಾವು ಇಲಿ ಇದೆಯೆಂದು ತಿಳಿಯದೆಯೇ ಬೆಂಕಿಪೊಟ್ಟಣ ತೆಗೆದಿದ್ದೆವು.

ನನಗೆ ಕುಣಿಯುವಷ್ಟು ಖುಷಿ. ಅಪ್ಪಯ್ಯನ ಮುಖ ನೋಡಿದೆ, ರಕ್ತವೇ ಇಲ್ಲ.

"ಅಂದ್ರೆ ಗಾಡಿ ಹಾಳ್ ಮಾಡಿದ್ದ್ ನಾನೇ ಅಲ್ದಾ?" ಎಂದರು.

ವಯರಿಂಗಣ್ಣ ಹೊರಗೆ ಬಂದು ಕೈ ಒರೆಸಿಕೊಂಡರು. ಅವರ ಬಾಯಿಯ ಪರಿಚಯ ಇದ್ದ ನಾನು ಅಪ್ಪಯ್ಯನ ಪಕ್ಕಕ್ಕೆ ಹೋಗಿ ನಿಂತೆ. ಈಗ ಒಂದು ತಮಾಷೆ ಮಾಡಿದರೂ ಸಾಕಿತ್ತು, ಅಪ್ಪಯ್ಯ ಕುಸಿದುಹೋಗುತ್ತಿದ್ದರು. ಅವರು ಅಪ್ಪಯ್ಯನ ತೋಳು ಹಿಡಿದು ಮೆಲ್ಲಗೆ ಬಗ್ಗಿಸಿ, ಕಾರಿನ ಅಡಿಗೆ ಟಾರ್ಚ್ ಬೆಳಕು ಬಿಟ್ಟರು.

"ಕಾಕಾ, ಇಲ್ ಕಾಣಿ. ಕಡಲ್ ಬದಿಯಂಗೆ ಇಷ್ಟ್ ವರ್ಷ ಇದ್ದ್ ಗಾಡಿ, ಒಂದ್ ಕಡೆ ತುಕ್ಕ್ ಇತ್ತಾ? ನಿಮ್ ಎಣ್ಣಿ ಇಲ್ದಿದ್ರೆ ಅಡಿ ತಗಡ್ ಉದ್ರಿ, ನಿಮ್ಮ್ ಮಗ ಇಷ್ಟೊತ್ತಿಗೆ ರಸ್ತಿ ಮೇಲ್ ಕಾಲಿಟ್ಕಂಡ್ ಗಾಡಿ ಬಿಡ್ಕಿತ್. ತಂತಿ ಒಂದ್ ಬಿಟ್ಟ್ ಹಚ್ಚಿ, ಆಯ್ತಲ್ದಾ?"

ಅದು ಸಮಾಧಾನಕ್ಕೆ ಹೇಳಿದ ಸುಳ್ಳಲ್ಲ. ಅಡಿ ತಗಡು ನಿಜಕ್ಕೂ ಹೊಸದರ ಹಾಗೆ ಇತ್ತು. ಅಪ್ಪಯ್ಯ ಟಾರ್ಚನ್ನು ತಾವೇ ಇಸಿದುಕೊಂಡು ಆ ತುದಿಯಿಂದ ಈ ತುದಿಯವರೆಗೆ ನೋಡಿದರು, ಬಹಳ ಹೊತ್ತು… ಎದ್ದು ನಿಂತವರೇ ನನ್ನ ಕಡೆ ತಿರುಗಿ "ಆ ಬ್ರಹ್ಮಾವರದವ್ನಿಗೆ ಫೋನ್ ಮಾಡ್, ಬರೂದ್ ಬ್ಯಾಡ ಅಂದೇಳ್" ಎಂದರು. ಜೀವ ಬಂದ ಹಾಗಾಯಿತು ನನಗೆ. ತಂತಿ ಬದಲಾಯಿಸಿ ಬೇಕೆಂದೇ ಗುಂಡಿ ಇರುವ ದಾರಿಯಲ್ಲಿ ಮನೆಗೆ ಹೋದೆವು. ದೀಪ ಹತ್ತಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ವಯರಿಂಗಣ್ಣನೇ ಹೇಳಿಕಳಿಸಿದರು. ತಮ್ಮ ಟೆಂಪೋದ ಅಡಿಗೆ ಎಣ್ಣೆ ಬಳಿದುಕೊಡಲು ಕಾಕಾನೇ ಬರಬೇಕಂತೆ. ಅಪ್ಪಯ್ಯ ಹಳೇ ಲುಂಗಿ ಸುತ್ತಿಕೊಂಡು ಹೋದವರು ಸಂಜೆಯವರೆಗೂ ಬರಲಿಲ್ಲ. ನೋಡಿದರೆ ಸಾಲಿನಲ್ಲಿ ಬೇರೆಯವರ ಗಾಡಿಗಳೂ ನಿಂತಿದ್ದವು. ಆಮೇಲೆ ವರ್ಷವರ್ಷವೂ ಅದು ನಡೆಯಿತು. "ತಂತಿ ಬಿಟ್ಟ್ ಹಚ್ಚುಕೆ ಕಾಕಾನಷ್ಟ್ ಗೊತ್ತಿಪ್ಪವ್ರ್ ಯಾರಿದ್ರ್?" ಎಂದು ವಯರಿಂಗಣ್ಣ ಗಿರಾಕಿಗಳಿಗೆ ಹೇಳುವಾಗ ಅಪ್ಪಯ್ಯ ಕೇಳದವರ ಹಾಗೆ ಬ್ರಷ್ ಆಡಿಸುತ್ತಿದ್ದರು.

ಹೆದ್ದಾರಿ ಅಗಲ ಮಾಡುವಾಗ ಆ ತಗಡಿನ ಅಂಗಡಿ ಹೋಯಿತು. ಮನೆಯಲ್ಲಿ ಸುಮ್ಮನೆ ಕೂರಲು ಬಾರದ ವಯರಿಂಗಣ್ಣ ಆಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. ಅಪ್ಪಯ್ಯನೂ ಹೋದರು. ಕಾರು ತನ್ನ ಆಯುಸ್ಸು ಮುಗಿಸಿಯೇ ಹೋಯಿತು. ಈಗ ನನ್ನ ಹೊಸ ಗಾಡಿಯಲ್ಲಿ ದೀಪ ಹತ್ತಿದರೆ ಷೋರೂಮಿನವರು ನನ್ನನ್ನು ಏಸಿ ಕೋಣೆಯಲ್ಲಿ ಕೂರಿಸಿ, ಗಾಡಿ ಒಳಗೆ ಕೊಂಡುಹೋಗಿ, ಸರಿ ಮಾಡಿಯೇ ಕೊಡುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ. ಆದರೂ ಆ ಕೋಣೆಯಲ್ಲಿ ಕೂತಾಗ ವಯರಿಂಗಣ್ಣ ಇಲ್ಲವಲ್ಲ ಎನಿಸುತ್ತದೆ. ಅವರಿಂದಾಗಿ ನನ್ನ ಅಪ್ಪಯ್ಯ ಗಾಡಿ ಕೆಡಿಸಿದವರಾಗಿ ಹೋಗಲಿಲ್ಲ. ಉಳಿಸಿದವರಾಗಿ ಹೋದರು.