ಸಿಗರೇಟು ಹಚ್ಚುವಷ್ಟು ಹೊತ್ತು

ಹಾಯಿದೋಣಿ ಕ್ಲಬ್ಬಿನಲ್ಲಿ ಅವಳಿಗೆ ಮೂಟೆ ಎಂದು ಹೆಸರು. ಎದುರಿಗೇ ಹಾಗೆ ಕರೆಯುತ್ತಿದ್ದರು, ಪ್ರೀತಿಯಿಂದಲೇ. ಇಬ್ಬರು ಕೂರುವ ಪುಟ್ಟ ದೋಣಿಯಲ್ಲಿ ಹಿಂದೆ ಕೂತವನ ಕೈಗೆ ಚುಕ್ಕಾಣಿ. ಮುಂದೆ ಕೂತವರು ಸಣ್ಣ ಹಾಯಿಯ ಹಗ್ಗ ಎಳೆಯಬೇಕು, ದೋಣಿ ವಾಲಿದಾಗ ಎದುರು ಅಂಚಿಗೆ ಮೈಚೆಲ್ಲಿ ತೂಕ ಕೊಡಬೇಕು. ಆ ತೂಕವೇ ಅವಳು.

ದೋಣಿ ಕಟ್ಟಿದ್ದು ಅಪ್ಪ. ಬಡಗಿ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಕಟ್ಟಿ ಮುಗಿಸಿದ ಮೇಲೆ, ಅದು ಬಾಗಿಲಲ್ಲಿ ಹಿಡಿಸುವುದಿಲ್ಲವೆಂದು ಹೊಳೆದು ಕಿಟಕಿಯ ಚೌಕಟ್ಟನ್ನೇ ಕಿತ್ತುಹಾಕಿದ್ದ. ಅಮ್ಮ ಆ ವರ್ಷವೆಲ್ಲ ಕಿಟಕಿಗೆ ಹಳೆಯ ಬೆಡ್‌ಶೀಟು ಕಟ್ಟಿಕೊಂಡು ಅವನಿಗೆ ಹಿಡಿಶಾಪ ಹಾಕಿದ್ದಳು. ಮೊದಲ ದಿನ ಅಪ್ಪ ಅಣ್ಣನನ್ನು ಹಿಂದೆ ಕೂರಿಸಿ, ಅವಳಿಗೆ, "ನೀನು ಹಗುರ ಇದೀಯ ಮಗಳೇ, ಮುಂದೆ ಕೂತ್ಕೋ" ಅಂದ. ವರ್ಷಗಳು ಕಳೆದು ಅವಳ ಸೊಂಟ ತುಂಬಿಕೊಂಡಾಗ ಅಣ್ಣ, "ನೀನೀಗ ಭಾರ ಇದೀಯ ಕಣೆ, ಮುಂದೇನೇ ಸರಿ" ಅಂದ. ಹೀಗೆ ಹಗುರವಾಗಿದ್ದಾಗಲೂ ಭಾರವಾದಾಗಲೂ ಅವಳು ಮುಂದೆಯೇ ಉಳಿದಳು.

ವಾರವೆಲ್ಲ ಅವಳಿಗೆ ಕನ್ನಡಕದಂಗಡಿಯ ಹಿಂದಿನ ಕೋಣೆ. ತಿರುಗುವ ಚಕ್ರಕ್ಕೆ ಗಾಜಿನ ಅಂಚು ಹಿಡಿದು, ಚೌಕಟ್ಟಿಗೆ ಸರಿಯಾಗಿ ಕೂರುವಂತೆ ಅರೆಯುವ ಕೆಲಸ. ಸಂಜೆಗೆ ಉಗುರಿನ ಸಂದಿಯಲ್ಲಿ ಬಿಳಿ ಕೆಸರು. ಅಂಗಡಿಯ ಮೇಲೊಂದು ಕೋಣೆ, ಒಂದು ಮಂಚ, ಒಂದೇ ಒಲೆ. ಮದುವೆಯ ಮಾತು ಬಂದಷ್ಟೇ ಸದ್ದಿಲ್ಲದೆ ಹೋಗಿತ್ತು. ಭಾನುವಾರವೊಂದು ಇದೆಯೆಂದು ಉಳಿದ ದಿನಗಳನ್ನು ಸಹಿಸಿಕೊಳ್ಳುತ್ತಿದ್ದಳು.

ಚುಕ್ಕಾಣಿ ಅವಳ ಕೈಗೆ ಬರುತ್ತಲೇ ಇರಲಿಲ್ಲವೆಂದಲ್ಲ. ಎರಡು ಪಂದ್ಯಗಳ ನಡುವೆ ಅಣ್ಣ, "ಹಿಡ್ಕೊಳೇ ಸ್ವಲ್ಪ" ಎಂದು ಗಾಳಿಗೆ ಬೆನ್ನು ತಿರುಗಿಸಿ ಸಿಗರೇಟು ಹಚ್ಚುತ್ತಿದ್ದ. ಅಷ್ಟು ಹೊತ್ತು ದೋಣಿ ಅವಳದು. ಅಂಗೈಯಲ್ಲಿ ನೀರು ಮಿಸುಕುವುದು ತಿಳಿಯುತ್ತಿತ್ತು. ಬೆರಳನ್ನು ಕೊಂಚ ಸರಿಸಿದರೆ ಇಡೀ ದಡವೇ ಪಕ್ಕಕ್ಕೆ ಜರುಗುತ್ತಿತ್ತು. ಕಡ್ಡಿ ಗಾಳಿಗೆ ಆರಿಹೋಗಲಿ ಎಂದು ಹಾರೈಸುತ್ತಿದ್ದಳು. ಆಮೇಲೆ ಡಾಕ್ಟರು ಅಣ್ಣನಿಗೆ ಸಿಗರೇಟು ಬಿಡಿಸಿದರು. ಮನೆಯವರಿಗೆಲ್ಲ ಸಂತೋಷವಾಯಿತು.

ಅಣ್ಣನ ಬೆನ್ನುನೋವು ಹೆಚ್ಚಾದ ವರ್ಷ, ದೋಣಿ ಮಗುಚಿಹಾಕಿ ಅದರ ತಳ ಉಜ್ಜುತ್ತಿದ್ದಾಗ ಅವನೇ ಬಾಯಿಬಿಟ್ಟು ಹೇಳಿದ: "ಈ ಸಲ ದೊಡ್ಡ ಕಪ್ ಒಂದು ಬಂದ್ಬಿಡ್ಲಿ. ಆಮೇಲೆ ನನಗೆ ಸಾಕು. ಮುಂದಿನ ವರ್ಷದಿಂದ ಚುಕ್ಕಾಣಿ ನಿಂದೇ."

"ಕುಡಿದಿದೀಯಾ?"

"ಅಪ್ಪನಾಣೆ ಕಣೆ."

ಅಂದಿನಿಂದ ಅವಳು ಕೋಣೆಯ ಬಾಗಿಲು ಹಾಕಿಕೊಂಡು, ಮಂಚದ ಅಂಚಿನಲ್ಲಿ ಕೂತು, ದೋಣಿ ತಿರುಗಿಸುವಾಗ ಚುಕ್ಕಾಣಿ ದಾಟಿಸುವಂತೆ ಪೊರಕೆಯ ಹಿಡಿಯನ್ನು ಬೆನ್ನ ಹಿಂದೆ ಈ ಕೈಯಿಂದ ಆ ಕೈಗೆ ದಾಟಿಸುವುದನ್ನು ಅಭ್ಯಾಸ ಮಾಡಿದಳು. ನಗು ಬರುತ್ತಿತ್ತು. ಆದರೂ ಬಿಡಲಿಲ್ಲ.

ಆ ಕ್ಲಬ್ಬಿನಲ್ಲಿ ನೀರಿನ ಮೇಲೆ ಅಂಪೈರು ಇರುವುದಿಲ್ಲ. ತಿರುವಿನಲ್ಲಿ ಗಾಳಿ ತುಂಬಿದ ದೊಡ್ಡ ಕಿತ್ತಳೆ ಚೆಂಡು ತೇಲುತ್ತಿರುತ್ತದೆ. ದೋಣಿ ಅದಕ್ಕೆ ತಗಲಿದರೆ, ಯಾರು ನೋಡಲಿ ಬಿಡಲಿ, ತಗಲಿದವರೇ ನಿಂತಲ್ಲಿ ಒಂದು ಪೂರ್ತಿ ಸುತ್ತು ಹೊಡೆದು ಮುಂದೆ ಹೋಗಬೇಕು. ಅವಳು ಎಷ್ಟೋ ಸಲ "ತಗಲ್ತು" ಎಂದು ಕೂಗಿದ್ದಳು. ಅಣ್ಣ ಹಲ್ಲು ಕಡಿಯುತ್ತಾ ಸುತ್ತು ಹೊಡೆಯುತ್ತಿದ್ದ. ಬೇರೆ ದೋಣಿಗಳ ಜಗಳಕ್ಕೂ, "ಮೂಟೆ ಏನಂತಾಳೆ ಕೇಳ್ರಪ್ಪ" ಎನ್ನುವುದು ವಾಡಿಕೆ.

ಕೊನೆಯ ಪಂದ್ಯದ ದಿನ ಗಾಳಿಯೇ ಇರಲಿಲ್ಲ. ಅಂಥ ದಿನ ಮುಂದೆ ಕೂತವರು ಹಾಯಿ ವಾಲಿದ ಬದಿಗೇ ಮುದುಡಿಕೊಂಡು ಕೂರಬೇಕು. ಅಣ್ಣನಿಗೆ ದೊಡ್ಡ ಹಾಯಿ ಅಡ್ಡ. ಆ ಬದಿಯ ನೀರು ಅವನಿಗೆ ಕಾಣುವುದಿಲ್ಲ. ಅಣ್ಣ ತಂಗಿಯೇ ಮುಂದಿದ್ದರು. ಹಿಂದೆಯೇ ಔಷಧಿ ಅಂಗಡಿಯವರ ದೋಣಿ. ಕೊನೆಯ ತಿರುವಿನಲ್ಲಿ ಚೆಂಡು ತೀರಾ ಹತ್ತಿರ ಬಂತು. ಒದ್ದೆ ರಬ್ಬರು ಅವಳ ಮೊಣಕೈಯನ್ನು ಮೆತ್ತಗೆ ಸವರಿ, ದೋಣಿಯ ಮೈಗುಂಟ ಉಜ್ಜಿಕೊಂಡು ಹಿಂದಕ್ಕೆ ಸರಿಯಿತು.

"ತಗಲ್ತೇನೇ?" ಅಣ್ಣ ಹಾಯಿಯ ಆಚೆಯಿಂದ ಕೇಳಿದ.

ಸುತ್ತು ಹೊಡೆದರೆ ಕಪ್ ಹೋಯಿತು. ಕಪ್ ಹೋದರೆ ಚುಕ್ಕಾಣಿಯೂ ಹೋಯಿತು.

"ಇಲ್ಲ."

ದಡದಲ್ಲಿ ಔಷಧಿ ಅಂಗಡಿಯವರು ಆಕ್ಷೇಪ ಎತ್ತಿದರು. ಒದ್ದೆ ಜಾಕೆಟ್ಟುಗಳು ನೇತಾಡುವ ತಗಡಿನ ಶೆಡ್ಡಿನಲ್ಲಿ ವಿಚಾರಣೆ. ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ತರು, ಮೇಜಿನ ಮೇಲೆ ಆಟಿಕೆ ದೋಣಿಗಳನ್ನಿಟ್ಟು, "ನೀವೆಲ್ಲಿದ್ರಿ? ಚೆಂಡು ಎಲ್ಲಿತ್ತು?" ಎಂದು ಪಾಠದಂತೆ ಕೇಳಿದರು.

"ಚೆಂಡು ತಿರುಗಿದ್ದನ್ನ ನಾನು ನೋಡಿದೆ," ಎಂದರು ಔಷಧಿ ಅಂಗಡಿಯವರು. "ನಿಮ್ಮಣ್ಣಂಗೆ ಕಂಡಿರಲಿಕ್ಕಿಲ್ಲ. ನೀನು ಹೇಳು ತಂಗಿ. ನೀನು ಹೇಳಿದ್ದಕ್ಕೆ ನಾನು ಒಪ್ತೀನಿ."

ಅವಳು ಆಟಿಕೆ ದೋಣಿಯನ್ನು ನೋಡಿದಳು. ಅದರಲ್ಲಿ ಕೂರಲು ಯಾರೂ ಇರಲಿಲ್ಲ.

"ತಗಲಿಲ್ಲ."

ಅವರು ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, "ಸರಿ ಸರ್, ಆಕ್ಷೇಪ ವಾಪಸ್" ಎಂದು ಟೋಪಿ ತೆಗೆದುಕೊಂಡು ಹೊರಟರು. ಅಣ್ಣ ಅವಳ ಬೆನ್ನಿಗೆ ಗುದ್ದಿದ. ಕಪ್ಪಿನ ಹಿತ್ತಾಳೆ ಪಟ್ಟಿಯ ಮೇಲೆ, ಪದ್ಧತಿಯಂತೆ, ಚುಕ್ಕಾಣಿ ಹಿಡಿದವನ ಹೆಸರೊಂದನ್ನೇ ಕೆತ್ತಿದರು.

ಹೊಸ ಋತುವಿನ ಮೊದಲ ಭಾನುವಾರ ಅವಳು ಹೊಸ ಕೈಗವಸು ಕೊಂಡು ಬೇಗನೆ ಬಂದಳು. ದೋಣಿ ಆಗಲೇ ಇಳಿಜಾರಿನಲ್ಲಿತ್ತು. ಹಿಂದಿನ ಜಾಗದಲ್ಲಿ ಅಣ್ಣನ ಮಗಳು ಕೂತು ಚುಕ್ಕಾಣಿಯನ್ನು ಅತ್ತಿತ್ತ ಆಡಿಸುತ್ತಿದ್ದಳು.

"ಅತ್ತೆ ಬಂದ್ರು! ಅಪ್ಪ, ಅತ್ತೆ ಬಂದ್ರು!"

ಅಣ್ಣ ತಂಗಿಯನ್ನು ಪಕ್ಕಕ್ಕೆ ಕರೆದ. "ಮುಖ ಯಾಕೆ ಹಾಗೆ ಗಂಟು ಹಾಕ್ಕೊಂಡೆ? ಹುಡುಗಿ ಆಸೆಪಟ್ಲು. ನೀನು ಮುಂದೆ ಇದ್ರೆ ನನಗೂ ಧೈರ್ಯ. ಅವಳಿಗೆ ಹೇಳಿಕೊಡೋಕೆ ನಿನ್ನ ಬಿಟ್ರೆ ಯಾರಿದ್ದಾರೆ?"

"ನೀನು ಆಣೆ ಮಾಡಿದ್ದೆ."

"ಮಾಡಿದ್ದೆ. ಯಾರು ಇಲ್ಲ ಅಂದ್ರು? ಆದ್ರೆ ಯೋಚ್ನೆ ಮಾಡು. ಅಪ್ಪ ಕಟ್ಟಿದ ದೋಣಿ ಮನೇಲೇ ಉಳೀಬೇಕಲ್ವಾ? ನಿನ್ನ ನಂತರ ಯಾರಿದ್ದಾರೆ ಹೇಳು."

ಅವನ ದನಿಯಲ್ಲಿ ಕೆಡುಕಿರಲಿಲ್ಲ. ಅದೇ ಕಷ್ಟ. ಆ ಕಪ್ಪಿಗೆ ತಾನು ಏನು ತೆತ್ತೆನೆಂದು ಕಿರುಚಬೇಕೆನಿಸಿತು. ಆದರೆ ಅವನು ಕೇಳಿದ್ದ, ಅವಳು ಇಲ್ಲವೆಂದಿದ್ದಳು. ಅವನ ಪಾಲಿಗೆ ಆ ಗೆಲುವಿನಲ್ಲಿ ಒಂದು ಕಲೆಯೂ ಇರಲಿಲ್ಲ.

ಅವಳು ನೇರವಾಗಿ ಶೆಡ್ಡಿನ ಕಡೆ ನಡೆದಳು. ಔಷಧಿ ಅಂಗಡಿಯವರು ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದರು. ಮೊಣಕಾಲಿನ ಆಪರೇಷನ್ ಆಗಿತ್ತು. ತಮ್ಮ ದೋಣಿಯ ಚುಕ್ಕಾಣಿಗೆ ಯಾರಾದರೂ ಸಿಗುತ್ತಾರಾ ಎಂದು ಅವರು ಚಳಿಗಾಲವೆಲ್ಲ ವಿಚಾರಿಸುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು.

"ನಿಮ್ಮ ದೋಣಿ ನಾನು ನಡೆಸ್ಲಾ?" ಅಂದಳು. ಇಷ್ಟು ವರ್ಷಗಳಲ್ಲಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಅವರು ಮರ್ಯಾದೆಯಿಂದ ಮುಗುಳ್ನಕ್ಕರು. "ಜನ ಸಿಕ್ಕಿದ್ದಾರೆ ಮೇಡಂ. ಕೇಳಿದ್ದಕ್ಕೆ ಥ್ಯಾಂಕ್ಸ್."

ಮೇಡಂ. ಅವಳು ಕೈಗವಸು ಬಿಚ್ಚಿದಳು.

ಅವಳು ಬರುವುದಿಲ್ಲವೆಂದಾಗ ಅಣ್ಣ ಸ್ವಲ್ಪ ಕೂಗಾಡಿದ. ಮರುಗಳಿಗೆಯೇ ಬೇಕರಿಯವನ ದಪ್ಪ ಭಾವಮೈದುನನನ್ನು ಹಿಡಿದು ತಂದ. "ಎಳಿ ಅಂದಾಗ ಎಳಿ, ಬಗ್ಗು ಅಂದಾಗ ಬಗ್ಗು, ಅಷ್ಟೇ ಮಾರಾಯ," ಎಂದು ಹೇಳಿಕೊಟ್ಟದ್ದು ಅವಳಿಗೂ ಕೇಳಿಸಿತು. ಅಷ್ಟೇ ಇತ್ತು ಕಲಿಯುವುದು. ಮಗಳ ಮೊದಲ ಪಂದ್ಯ ನೋಡಲು ಅಣ್ಣ ಮೋಟಾರು ದೋಣಿ ಹತ್ತಿ ಹೋದ. ಹಾಯಿ ಪಟಪಟನೆ ಹೊಡೆದುಕೊಂಡು ಬಿಗಿಯಿತು, ದೋಣಿ ನೀರಿಗೆ ಜಾರಿತು.

ದೋಣಿಯನ್ನು ಇಳಿಸಿದ ಚಕ್ರದ ಗಾಡಿ ಅರ್ಧ ನೀರಿನಲ್ಲೇ ಉಳಿದಿತ್ತು. ಬೇರೆಯವರ ದಾರಿಗೆ ಅಡ್ಡವಾಗುತ್ತದೆಂದು ಯಾರಾದರೂ ಮೇಲಕ್ಕೆ ಎಳೆಯಲೇಬೇಕು. ಅವಳು ಮಂಡಿಯವರೆಗೆ ನೀರಿಗಿಳಿದು ಎಳೆಯತೊಡಗಿದಳು. ದೋಣಿಗಳೆಲ್ಲ ಹೊರಟುಹೋಗಿ ಅಂಗಳ ಬಯಲಾಗಿತ್ತು. ಔಷಧಿ ಅಂಗಡಿಯವರ ದೋಣಿಯೊಂದು ಮಾತ್ರ ಶೆಡ್ಡಿನ ಬದಿಯಲ್ಲಿ, ಹೊದಿಕೆಯ ಹಗ್ಗವನ್ನೂ ಬಿಚ್ಚದೆ, ಹಾಗೇ ನಿಂತಿತ್ತು. ಅದಕ್ಕೆ ಯಾರೂ ಬಂದಿರಲಿಲ್ಲ. ಗಾಡಿ ಬೆಂಚಿನ ಹತ್ತಿರ ಬಂದಾಗ ಅವರು ಅವಳ ಮುಖ ನೋಡದೆ, ನೋಯುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಕ್ಕೆಳೆದುಕೊಂಡು ದಾರಿ ಬಿಟ್ಟರು.