ಸಿಗ್ನಲ್‌ನಲ್ಲಿ ಮಾತ್ರ ಬರುವ ವಾಸನೆ

ದೆಹಲಿಯ ಚಾಣಕ್ಯಪುರಿಯ ಸಿಗ್ನಲ್‌ಗಳಲ್ಲಿ ಕಾರು ನಿಂತಾಗಲೆಲ್ಲ ಎಣ್ಣೆ ಸುಟ್ಟ ವಾಸನೆ, ಓಡುವಾಗ ಇಲ್ಲ. ಮುನಿರ್ಕಾ ಕಡೆಯ ವಿಶ್ವವಿದ್ಯಾಲಯದಲ್ಲಿ ಮಗಳ ಪಿಎಚ್‌.ಡಿ. ಸಂದರ್ಶನವಿತ್ತು. ಬಾನೆಟ್ಟಿನಿಂದ ಹೊಗೆಯೂ ಕಂಡಾಗ ಯಜಮಾನರು ಕಾರನ್ನು ಬದಿಗೆ ನಿಲ್ಲಿಸಿದರು.

"ಅಮ್ಮಾ, ಲೇಟ್ ಹೋ ಜಾಯೇಗಾ. ಆಟೊ ಹಿಡೀಲಾ?" ಎಂದಳು ಮಗಳು.

"ಸ್ವಲ್ಪ ತಡಿ, ಎಂಜಿನ್ ಆರಲಿ," ಎಂದೆ.

ಆರಿದ ಮೇಲೆ ನೋಡಿದರೆ, ಎಂಜಿನ್ ಆಯಿಲ್ ಹಾಕುವ ಬಾಯಿಯಿಂದ ಎಣ್ಣೆ ಒಸರಿ, ಕೆಳಗಿನ ಬಿಸಿ ಕೊಳವೆಗೆ ಇಳಿಯುತ್ತಿತ್ತು. ಓಡುವಾಗ ಗಾಳಿಗೆ ಹಾರಿಹೋಗುತ್ತಿದ್ದ ವಾಸನೆ ನಿಂತಾಗ ಮಾತ್ರ ಒಳಗೆ ಬರುತ್ತಿತ್ತು. ಮುಚ್ಚಳ ಬಿಚ್ಚಿದೆ. ಅದರ ಅಂಚಿಗೆ ಹೂಮಾಲೆಯ ದಾರ, ದಾರಕ್ಕೆ ಕಪ್ಪಾದ ಒಂದು ಚೆಂಡುಹೂವು! ಮೊನ್ನೆ ಆಯುಧಪೂಜೆಗೆಂದು ಹೊಸ ಎಣ್ಣೆ ತುಂಬಿಸಿದ್ದ ಯಜಮಾನರು, ಎಂಜಿನ್ನಿಗೂ ಮಾಲೆ ಹಾಕಿ ದಾರದ ಮೇಲೆಯೇ ಮುಚ್ಚಳ ತಿರುಗಿಸಿದ್ದರು.

"ಅಪ್ಪಾ, ಎಂಜಿನ್‌ಗೂ ಗಜರಾ ಮುಡಿಸಿದ್ರಾ?" ಬೆಳಗಿನಿಂದ ಬಿಗಿದುಕೊಂಡಿದ್ದ ಮಗಳು ಆಗ ನಕ್ಕಳು.

ದಾರ ತೆಗೆದು, ಎಣ್ಣೆ ಒರೆಸಿ, ಅಳತೆಕಡ್ಡಿಯಲ್ಲಿ ಮಟ್ಟ ನೋಡಿ, ಮುಚ್ಚಳ ಬಿಗಿದೆ. ಮುಂದಿನ ಸಿಗ್ನಲ್‌ನಲ್ಲಿ ಮೂವರೂ ಮೂಸಿದೆವು. ವಾಸನೆ ಸಣ್ಣಗಾಗಿತ್ತು, ಅದರಾಚೆಯ ಸಿಗ್ನಲ್‌ನಲ್ಲಿ ಇರಲೇ ಇಲ್ಲ. ಸಂದರ್ಶನಕ್ಕೆ ಹೊತ್ತಿಗೆ ಸರಿಯಾಗಿ ತಲುಪಿದೆವು.

ಮಗಳೀಗ ಅಲ್ಲೇ ಹಾಸ್ಟೆಲ್‌ನಲ್ಲಿದ್ದಾಳೆ. ಈ ಸಲದ ಆಯುಧಪೂಜೆಯ ದಿನ ಫೋನ್ ಮಾಡಿದವಳು ಮೊದಲು ಕೇಳಿದ್ದು, "ಅಪ್ಪ ಹೂ ಎಲ್ಲಿಟ್ರು?"