ಗಂಗೋತ್ರಿಯ ಮುಂದಿನ ಬ್ರೇಕ್

ಕುರುಗೋಡಿನ ಗಂಗೋತ್ರಿ ಬೈಕು ಕಲಿತದ್ದು ಆಸೆಯಿಂದಲ್ಲ. ಬಳ್ಳಾರಿಯಿಂದ ಕತ್ತರಿಸಿದ ಜೀನ್ಸ್ ಬಟ್ಟೆಯ ಗಂಟುಗಳನ್ನು ತಂದು ಕುರುಗೋಡು, ಸಿರುಗುಪ್ಪದಲ್ಲಿ ಹೊಲಿಯುವ ಹೆಂಗಸರಿಗೆ ಹಂಚುವುದು, ಹೊಲಿದ ಪ್ಯಾಂಟುಗಳನ್ನು ವಾಪಸು ಮುಟ್ಟಿಸುವುದು ಅವಳ ಗಂಡ ಗವಿಸಿದ್ದೇಶನ ಕೆಲಸವಾಗಿತ್ತು. ಕುಡತಿನಿಯ ಹತ್ತಿರ ಮುಂದಿನ ಲಾರಿ ಗಕ್ಕನೆ ನಿಂತಾಗ ಅವನು ಹಿಂದಿನ ಬ್ರೇಕನ್ನಷ್ಟೇ ತುಳಿದ. ಬೈಕು ಅಡ್ಡಕ್ಕೆ ಜಾರಿತು. ಲಾರಿಗೂ ಬೈಕಿಗೂ ನಡುವೆ ಸಿಕ್ಕ ಎಡಗಾಲು ನುಜ್ಜುಗುಜ್ಜಾಯಿತು. ಆಸ್ಪತ್ರೆಯಲ್ಲಿ ರಾಡು ಹಾಕಿ ಮನೆಗೆ ಕಳಿಸಿದರು. ಗಂಟುಗಳು ಕಾಯುವುದಿಲ್ಲ, ಇವರು ಹೋಗದಿದ್ದರೆ ಕೆಲಸ ಇನ್ನೊಬ್ಬರ ಪಾಲು.

"ಸೈಕಲ್ಲ ನೆಟ್ಟಗ ಬರಂಗಿಲ್ಲ ನಿನಗ. ಬೈಕ್ ಬರ್ತೈತೇನ್ ನೋಡೂನು," ಎಂದ ಗವಿಸಿದ್ದೇಶ.

ಊರಾಚೆಯ ಬಯಲಿನಲ್ಲಿ ಪಾಠ ಶುರುವಾಯಿತು. ಅವನು ಊರುಗೋಲು ಹಿಡಿದು ಕಲ್ಲಿನ ಮೇಲೆ ಕೂತರೆ, ಅವನ ತಾಯಿ ಚನ್ನವೀರಮ್ಮ ಎಲೆಯಡಿಕೆ ಮೆಲ್ಲುತ್ತ ಪಕ್ಕದಲ್ಲಿ ಕೂರುತ್ತಿದ್ದಳು. ಸೊಸೆ ಬೀಳುವ ಮೊದಲೇ "ಬಿದ್ಲು ನೋಡು" ಎನ್ನುತ್ತಿದ್ದಳು. ಒಂದು ಸಲ ಬಿದ್ದಾಗ ಸೈಲೆನ್ಸರ್ ತಾಗಿ ಗಂಗೋತ್ರಿಯ ಮೀನಖಂಡ ಸುಟ್ಟಿತು.

"ಸೈಲೆನ್ಸರ್ ಮುದ್ದು ಕೊಟ್ಟೈತೇನಲೇ?" ಎಂದು ಗಂಡ ನಕ್ಕ.

ಅವನು ಕಲಿಸಿದ ನಿಯಮ ಒಂದೇ. "ಮುಂದಿನ ಬ್ರೇಕಿಗೆ ಕೈ ಹಚ್ಚಿದಿ ಅಂದ್ರ ಪಲ್ಟಿ ಹೊಡೀತಿ. ಹಿಂದಿಂದ ತುಳಿ, ಸಾಕು."

"ಬ್ಯಾಡಂದ್ರ ಅದನ್ನ ಯಾಕ ಇಟ್ಟಾರ್ರಿ?"

ಉತ್ತರವಾಗಿ ಊರುಗೋಲು ಹಾರಿಬಂದು ಅವಳ ಮೊಣಕಾಲಿಗೆ ಬಡಿಯಿತು.

ಆದರೂ ಕಲಿತಳು. ಸಣ್ಣ ಗಂಟು ಕಟ್ಟಿಕೊಂಡು ಓಡಾಡತೊಡಗಿದಳು. ನಾಯಿಯೋ ಕುರಿಯೋ ಅಡ್ಡ ಬಂದಾಗ ಕೈ ತಾನಾಗಿ ಮುಂದಿನ ಬ್ರೇಕನ್ನು ಹಿಡಿಯುತ್ತಿತ್ತು, ಬೈಕು ಬೇಗ ನಿಲ್ಲುತ್ತಿತ್ತು. ಒಂದು ದಿನ ರೊಟ್ಟಿ ಬಡಿಸುತ್ತ ಅದನ್ನು ಬಾಯಿಬಿಟ್ಟಳು. "ಮುಂದಿಂದೂ ಸ್ವಲ್ಪ ಹಿಡದ್ರ ಲಗೂನ ನಿಲ್ತೈತ್ರಿ." ಗವಿಸಿದ್ದೇಶ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ತುಂಬಿದ ಗಂಟು ಹೊತ್ತು ಸಿರುಗುಪ್ಪದ ದಾರಿ ಹಿಡಿದಳು. ಸುಗ್ಗಿ ಕಾಲ, ಅರ್ಧ ರಸ್ತೆಯ ಮೇಲೆ ಭತ್ತ ಹರವಿದ್ದರು. ಭತ್ತ ಕೆದರುತ್ತಿದ್ದ ಮುದುಕಿಯೊಬ್ಬಳು ಹಿಂದೆಮುಂದೆ ನೋಡದೆ ರಸ್ತೆಗೆ ಇಳಿದಳು. ಗಂಗೋತ್ರಿ ಮುಂದಿನ ಬ್ರೇಕ್ ಹಿಡಿದಳು. ಬ್ರೇಕಿನ ಹಿಡಿ ಹ್ಯಾಂಡಲಿಗೆ ಹೋಗಿ ತಾಗಿತೇ ಹೊರತು ಬೈಕು ಹಿಡಿತಕ್ಕೆ ಬರಲಿಲ್ಲ. ಗಾಬರಿಯಲ್ಲಿ ಹಿಂದಿನದನ್ನು ಬಲವಾಗಿ ತುಳಿದಳು. ಭತ್ತದ ಮೇಲೆ ಗಾಲಿ ಜಾರಿತು. ಎಡಮುಂಗೈ ಮುರಿಯಿತು, ತುಟಿ ಹರಿಯಿತು.

ಮುದುಕಿಗೆ ಏನೂ ಆಗಿರಲಿಲ್ಲ. ಅವಳು ಬಂದು ಮೊದಲು ನೋಡಿದ್ದು ಕಾಳನ್ನು. "ನನ್ ಭತ್ತದಾಗ ರಕ್ತ ಬಿತ್ತಲ್ಲೇ," ಎಂದು ಬೈಯುತ್ತ ಗಂಗೋತ್ರಿಯ ಕೆಳಗಿನ ಭತ್ತವನ್ನು ಎಳೆದುಕೊಂಡಳು.

ದಾರಿಹೋಕರು ಅವಳನ್ನು ಆಸ್ಪತ್ರೆಗೂ ಬೈಕನ್ನು ಸಿರುಗುಪ್ಪದ ಗಾಳೆಪ್ಪನ ಗ್ಯಾರೇಜಿಗೂ ಸಾಗಿಸಿದರು. ಕೈಗೆ ಪಟ್ಟಿ ಹಾಕಿಸಿಕೊಂಡು ಬಂದವಳಿಗೆ ಗಾಳೆಪ್ಪ ಮುಂದಿನ ಗಾಲಿ ತೋರಿಸಿದ.

"ಅಕ್ಕಾ, ಇದು ತಾನಾಗೇ ಸಡ್ಲ ಆಗಿದ್ದಲ್ಲ. ಬ್ರೇಕಿನ ನಟ್ಟು ತುದೀತನಕ ಬಿಚ್ಯಾರ. ಪಾನಾ ಹಾಕಿ ತಿರುಗಿಸಿದ ಗುರ್ತು ಹೊಸಾದು ಐತಿ."

ಗಾಳೆಪ್ಪ ನಟ್ಟು ಬಿಗಿಮಾಡಿ ಮುಂದುವರಿಸಿದ. "ಎರಡೂ ಕೂಡೇ ಹಿಡೀರಿ. ಮುಂದಿಂದು ಒಮ್ಮಿಗೇ ಜಗ್ಗಬ್ಯಾಡ್ರಿ, ಬಟ್ಟಿ ಹಿಂಡಿದಂಗ ಬರಬರ್ತಾ ಬಿಗಿ ಮಾಡ್ರಿ. ಹ್ಯಾಂಡಲ್ ನೆಟ್ಟಗಿರಲಿ. ಗಂಟಿದ್ದಾಗ ದೂರದಿಂದ್ಲೇ ಹಿಡೀರಿ. ಭತ್ತ, ಉಸುಕು ಕಂಡ್ರ ಅದರ ಮ್ಯಾಲ ಹೋಗಾಕ ಮೊದ್ಲ ಸ್ಪೀಡ್ ಇಳಿಸ್ರಿ."

ಮನೆಯಲ್ಲಿ ಕೇಳಿದಾಗ ಗವಿಸಿದ್ದೇಶ ಮುಚ್ಚಿಡಲಿಲ್ಲ.

"ಹೂಂ, ನಾನ ಬಿಚ್ಚೀನಿ. ಹೇಳಿದ ಮಾತು ಕೇಳಲಿಲ್ಲ ನೀ."

"ಬಿಚ್ಚೀನಿ ಅಂತ ಒಂದು ಮಾತು ಹೇಳಬೇಕಿಲ್ಲೇನ್ರಿ? ಸತ್ತಿದ್ರ?"

"ನಾ ಕುಂಟ, ನೀ ದೊಡ್ಡ ಸವಾರ. ಒಂದ್ಸಲ ಬಿದ್ದು ನೋಡಲಿ ಅಂದೆ," ಎಂದು ಗೋಡೆ ಕಡೆ ಹೊರಳಿದ.

"ಆತಲ್ಲ, ರೊಟ್ಟಿ ಬಡಿ ನಡಿ," ಎಂದಳು ಚನ್ನವೀರಮ್ಮ. "ಇನ್ನೊಂದು ಕೈ ಐತಲ್ಲ."

ಮೂಳೆ ಕೂಡಿದ ಮೇಲೆ ಗಂಗೋತ್ರಿ ಒಬ್ಬಳೇ ಬಯಲಿಗೆ ಹೋದಳು. ಹಿಮ್ಮಡಿಯಿಂದ ನೆಲದಲ್ಲಿ ಗೆರೆ ಕೊರೆದು, ಅದನ್ನು ಮುಟ್ಟುವ ಮೊದಲೇ ಬೈಕು ನಿಲ್ಲಿಸಿ ನೋಡಿದಳು. ಖಾಲಿ ಬೈಕು ನಿಂತಲ್ಲಿ ಗಂಟಿದ್ದ ಬೈಕು ನಿಲ್ಲುತ್ತಿರಲಿಲ್ಲ. ಗಾಲಿ ಜಾರದೆ, ಹ್ಯಾಂಡಲ್ ಅಲುಗದೆ ನಿಲ್ಲುವವರೆಗೂ ಬಿಡಲಿಲ್ಲ.

ಗಂಡನನ್ನು ಬಳ್ಳಾರಿಯ ಆಸ್ಪತ್ರೆಗೆ ತೋರಿಸುವ ದಿನ ಬಂತು. ಅವನು ಊರುಗೋಲು ಅಡ್ಡ ಹಿಡಿದು ಹಿಂದೆ ಕೂತ. ಖಾಲಿ, ನೆಟ್ಟಗಿನ ರಸ್ತೆ. ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಗಂಗೋತ್ರಿ ಎರಡೂ ಬ್ರೇಕು ಬಿಗಿದಳು. ಬೈಕು ಎಳ್ಳಷ್ಟೂ ಜಾರದೆ ನಿಂತಿತು. ಗವಿಸಿದ್ದೇಶ ಮುಂದಕ್ಕೆ ನುಗ್ಗಿ, ರಾಡು ಹಾಕಿದ ಕಾಲು ಫುಟ್‌ರೆಸ್ಟಿಗೆ ಬಡಿದು ಚೀರಿದ.

"ಏನ್ ಅಡ್ಡ ಬಂತಲೇ?"

"ಏನೂ ಬಂದಿಲ್ಲರಿ. ಪಲ್ಟಿ ಹೊಡೀತೈತೇನ್ ನೋಡಿದೆ."

ಮತ್ತೆ ವೇಗ ಏರಿಸಿದಳು. ಇನ್ನೊಮ್ಮೆ ನಿಲ್ಲಿಸಿದಳು. ಈ ಸಲ ಅವನು ಅವಳ ಹೆಗಲು ಅವುಚಿಕೊಂಡು "ಬ್ಯಾಡ ತಾಯಿ, ಬ್ಯಾಡ" ಎಂದ. ಅಯ್ಯೋ ಅನ್ನಿಸಬಹುದೆಂದು ಅವಳು ಕಾದಳು. ಅನ್ನಿಸಲಿಲ್ಲ. ಬಾಯಾರಿದಾಗ ನೀರು ಕುಡಿದಷ್ಟು ಹಾಯೆನಿಸಿತು. ಹಾಗೆ ಹಾಯೆನಿಸಿದ್ದಕ್ಕೆ ಮಾತ್ರ ಸ್ವಲ್ಪ ಹೆದರಿದಳು.

ಕೂಡುತ್ತಿದ್ದ ಮೂಳೆ ಅಲುಗಿದೆ, ಮತ್ತೆ ಆಪರೇಷನ್ ಮಾಡಬೇಕೆಂದರು ಡಾಕ್ಟರು. ಹೇಗಾಯಿತೆಂದು ಕೇಳಿದಾಗ ಗವಿಸಿದ್ದೇಶ ಹೆಂಡತಿಯ ಮುಖ ನೋಡಿ, ಬಚ್ಚಲಲ್ಲಿ ಜಾರಿದೆ ಎಂದ.

ಈಗ ಅವನು ಆಸ್ಪತ್ರೆಗೆ ಬಸ್ಸಿನಲ್ಲೇ ಹೋಗುತ್ತಾನೆ. ಮೆಟ್ಟಿಲು ಹತ್ತಿಸಲು ಚನ್ನವೀರಮ್ಮ ಜೊತೆಗಿರುತ್ತಾಳೆ. ಗಂಗೋತ್ರಿ ಆ ಹೊತ್ತಿಗೆ ಗಂಟು ಕಟ್ಟಿಕೊಂಡು ಸಿರುಗುಪ್ಪದ ದಾರಿಯಲ್ಲಿರುತ್ತಾಳೆ.